ಬಚ್ಚಲು ಒಡೆಸಿದ ಕಥೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ತೊಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಮಹಡಿ ಬಚ್ಚಲಿನ ನೀರು ಕೆಳಗಿನ ಅಡುಗೆಮನೆಯ ಸೀಲಿಂಗಿಗೆ ಇಳಿಯಲು ಶುರುವಾಗಿ ವರ್ಷಗಳೇ ಆಗಿದ್ದವು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿಸಿದ್ದಾಯ್ತು, ಕೆಳಗಿನಿಂದ ಬಣ್ಣ ಬಳಿಸಿದ್ದಾಯ್ತು, ಕಲೆ ಮಾತ್ರ ಮತ್ತೆ ಮತ್ತೆ ಎದ್ದು ಬರುತ್ತಿತ್ತು. ಕೊನೆಗೆ ಬಂದ ಪ್ಲಂಬರ್ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ತಟ್ಟುತ್ತಾ ಹೋದರು. ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪ್ ಹತ್ತಿರ ಸದ್ದು ಬದಲಾಯಿತು. "ಇದು ಮೇಲ್ಮೇಲೆ ಆಗೋ ಕೆಲಸ ಅಲ್ಲ ಸಾರ್. ಸಂಕನ್‌ನಲ್ಲಿ ನೀರು ನಿಂತಿದೆ. ಪೂರ್ತಿ ಬಿಚ್ಚಬೇಕು" ಅಂದರು.

ಬಚ್ಚಲಿನ ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ, ಅದರಲ್ಲಿ ಪೈಪ್ ಎಳೆದು, ಇಟ್ಟಿಗೆ ಚೂರು ತುಂಬಿ ಮೇಲೆ ನೆಲ ಹಾಕುವುದು ಆಗಿನ ಪದ್ಧತಿ. ಆ ತಗ್ಗಿಗೇ ಸಂಕನ್ ಅನ್ನುವುದು. ಟ್ರ್ಯಾಪಿನ ಜಾಯಿಂಟ್ ಬಿಟ್ಟರೆ ನೀರೆಲ್ಲ ಆ ತಗ್ಗಿನಲ್ಲೇ ಸೇರಿಕೊಂಡು ನಿಧಾನಕ್ಕೆ ಕೆಳಗೆ ಜಿನುಗುತ್ತದೆ. ಹಾಗಾಗಿ ನೆಲವೂ ಹೋಗಬೇಕು, ಗೋಡೆಯೊಳಗಿನ ತುಕ್ಕು ಹಿಡಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪೂ ಹೋಗಬೇಕು. ಅಂದರೆ ಒಡೆಯುವವರು, ಹೊರುವವರು, ಪ್ಲಂಬರ್, ಗಾರೆ ಮೇಸ್ತ್ರಿ, ಟೈಲ್ಸ್‌ನವರು, ಎಲೆಕ್ಟ್ರಿಷಿಯನ್, ಹೀಗೆ ವಾರಗಟ್ಟಲೆ ಮನೆ ತುಂಬಾ ಜನ. ನಾನು ಮನೆಯಿಂದಲೇ ಕೆಲಸ ಮಾಡುವವನು, ಎಲ್ಲವನ್ನೂ ಹತ್ತಿರದಿಂದ ನೋಡಿದೆ.

ಕೆಲಸದವರಿಗೆ ಮರ್ಯಾದೆ ಕೊಡಬೇಕು ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಬಹುವಚನದಲ್ಲಿ ಮಾತಾಡಿಸಿ ಎರಡು ಹೊತ್ತು ಟೀ ಕೊಟ್ಟರೆ ಬಾಬ್ತು ಮುಗಿಯಿತು ಅಂದುಕೊಂಡವರೇ ಹೆಚ್ಚು. ನನಗೆ ಅನ್ನಿಸಿದ್ದು ಬೇರೆ. ಅವರು ಬರುವ ಮೊದಲು ನಾವು ಏನು ಏರ್ಪಾಡು ಮಾಡಿಟ್ಟಿದ್ದೇವೆ, ಏನನ್ನು "ಅವರು ಹೇಗೋ ನೋಡ್ಕೊಳ್ತಾರೆ" ಅಂತ ಬಿಟ್ಟಿದ್ದೇವೆ, ಅದರಲ್ಲೇ ಮುಕ್ಕಾಲು ಪಾಲು ಮರ್ಯಾದೆ ಅಡಗಿದೆ.

ಮೊದಲು ಮೆಟ್ಟಿಲಿನ ವಿಷಯ. ಒಡೆದ ಗಾರೆಯನ್ನು ಸಿಮೆಂಟ್ ಚೀಲಕ್ಕೆ ತುಂಬಿ, ಹೆಗಲ ಮೇಲಿಟ್ಟುಕೊಂಡು, ತಿರುವಿನ ಮೆಟ್ಟಿಲು ಇಳಿಯುವವನಿಗೆ ತನ್ನ ಪಾದ ಕಾಣುವುದಿಲ್ಲ. ನಮ್ಮ ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಎರಡು ಕ್ರೋಟನ್ ಕುಂಡ, ಹಳೇ ಪೇಪರ್ ಕಟ್ಟು ಎಲ್ಲ ಇದ್ದವು. ಹಿಂದಿನ ದಿನವೇ ಅವನ್ನೆಲ್ಲ ಎತ್ತಿಟ್ಟೆವು. ಗ್ರಾನೈಟಿಗೆ ಗೀರು ಬೀಳಬಾರದು ಅಂತ ಅಮ್ಮ ಹಳೇ ಬೆಡ್‌ಶೀಟ್ ಹಾಸಿದ್ದಳು. ಮೇಸ್ತ್ರಿ ಬಂದವರೇ ಅದನ್ನು ಮಡಚಿ ಪಕ್ಕಕ್ಕಿಟ್ಟು, "ಅಮ್ಮಾ, ಇದು ಜಾರುತ್ತೆ. ಕಲ್ಲಿಗೆ ಏನಾದ್ರೂ ಆದ್ರೆ ಪಾಲಿಶ್ ಹಾಕ್ಸಬಹುದು" ಅಂದರು. ಹುಡುಗನ ಸೊಂಟಕ್ಕೆ ಪಾಲಿಶ್ ಇಲ್ಲ ಅಂತ ಅವರು ಹೇಳಲಿಲ್ಲ, ಅರ್ಥವಾಯಿತು. ಗೋಣಿತಾಟು ತಂದು ಅಂಚಿಗೆ ಟೇಪ್ ಹಾಕಿ ಅಂಟಿಸಿದೆವು. ಒಡವೆ, ದುಡ್ಡು, ಅಮ್ಮನ ಮಾತ್ರೆ ಡಬ್ಬಿ, ಎಲ್ಲ ಕೆಳಗಿನ ರೂಮಿಗೆ ಹೋಗಿ ಬೀಗ ಬಿತ್ತು. ಇದನ್ನು ಅಪನಂಬಿಕೆ ಅಂತ ನಾನು ಅನ್ನುವುದಿಲ್ಲ. ಮನೆಯಲ್ಲಿ ಏನೇ ಕಾಣೆಯಾದರೂ ಮೊದಲ ಅನುಮಾನ ಯಾರ ಮೇಲೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಅನುಮಾನಕ್ಕೆ ಜಾಗವೇ ಇಲ್ಲದಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಅಕ್ಕಪಕ್ಕದ ಮನೆಗಳಿಗೂ ಮುಂಚೆಯೇ ಹೇಳಿ ಬಂದೆ. ಸದ್ದು, ಧೂಳು, ಗೇಟಿನ ಮುಂದೆ ಮಣ್ಣಿನ ರಾಶಿ ಇದ್ದದ್ದೇ. ಸಿಟ್ಟು ಬಂದವರು ಬೆಲ್ ಒತ್ತಿ ಮಾಲೀಕನನ್ನು ಕರೆಯುವುದಿಲ್ಲ, ಬಾಂಡ್ಲಿ ಹಿಡಿದುಕೊಂಡವರ ಮೇಲೆ ಹಾರಾಡುತ್ತಾರೆ. "ಏನಿದ್ದರೂ ನನಗೆ ಫೋನ್ ಮಾಡಿ" ಅಂತ ಹೇಳಿಟ್ಟಿದ್ದಕ್ಕೆ ಒಬ್ಬರು ನಿಜವಾಗಿಯೂ ಮಾಡಿದರು, ಮಧ್ಯಾಹ್ನದ ನಿದ್ದೆ ಹಾಳಾಗುತ್ತಿದೆ ಅಂತ. ಎರಡರಿಂದ ಮೂರರವರೆಗೆ ನೆಲ ಒಡೆಯುವ ಬ್ರೇಕರ್ ಮಷೀನ್ ಬೇಡ ಅಂತ ಮೇಸ್ತ್ರಿ ಜೊತೆ ಮಾತಾಡಿ ಮುಗಿಸಿದೆ. ಹೇಗೂ ಅದು ಅವರ ಊಟದ ಹೊತ್ತು.

ಈಗ ಶೌಚಾಲಯದ ಮಾತು. ಇದನ್ನು ಯಾರೂ ಆಡುವುದಿಲ್ಲ. ಬಚ್ಚಲು ಕಟ್ಟಲು ಬಂದವರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಎಲ್ಲಿಗೆ ಹೋಗಬೇಕು? ಮಹಡಿಯದು ಒಡೆದಿದೆ, ಉಳಿದಿರುವುದು ಕೆಳಗಿನದು, ಅಮ್ಮ ಬಳಸುವುದು. ನಾನು ವಿಷಯ ತೆಗೆದಾಗ ಅಮ್ಮ "ಅವರು ಎಲ್ಲಾದ್ರೂ ಹೋಗ್ತಾರೆ ಕಣೋ, ಹಿಂದೆ ಖಾಲಿ ಸೈಟ್ ಇದೆಯಲ್ಲ" ಅಂದಳು. ಆ ಸೈಟಿನ ಎದುರಿಗೇ ಮೂರು ಮನೆಗಳ ಬಾಲ್ಕನಿಗಳಿವೆ. ಸ್ವಲ್ಪ ವಾದವಾಯಿತು. ಮೊದಲ ದಿನ ಬೆಳಿಗ್ಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಕೆಳಗಿನ ಬಚ್ಚಲು ತೋರಿಸಿದೆ: ಇಲ್ಲಿ ಲೈಟು, ಇಲ್ಲಿ ಸೋಪು, ಫ್ಲಶ್ ಸ್ವಲ್ಪ ಬಿಗಿ. "ಬೇಕಾದ್ರೆ ಕೇಳಿ" ಅಂತ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಗಂಡಸರು ಬಳಸಿದರು. ಕಲಸುವುದಕ್ಕೆ, ಹೊರುವುದಕ್ಕೆ ಬಂದಿದ್ದ ಹೆಣ್ಣಾಳು ಮಾತ್ರ ಅತ್ತ ಸುಳಿಯಲಿಲ್ಲ. ನನಗೆ ಅದು ಗೊತ್ತಾಗುವ ವಿಷಯವಲ್ಲ. ಗಮನಿಸಿದ್ದು ಅಮ್ಮ. "ಆ ಹೆಂಗಸು ನೀರೇ ಕುಡೀತಿಲ್ಲ ನೋಡು" ಅಂದಳು. ಆಕೆ ತಂದಿದ್ದ ಬಾಟಲಿ ಮೆಟ್ಟಿಲ ಕೆಳಗೆ ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ಟೀ ಕೊಟ್ಟರೆ ಎರಡು ಗುಟುಕು ಕುಡಿದು ಉಳಿದದ್ದನ್ನು ಹುಡುಗನಿಗೆ ಕೊಡುತ್ತಿದ್ದಳು. ಕಟ್ಟಡ ಕೆಲಸದಲ್ಲಿರುವ ಹೆಂಗಸರು ಹೀಗೆ ದಿನವಿಡೀ ಬಾಯಿ ಒಣಗಿಸಿಕೊಂಡು ಇರುವುದು ಮಾಮೂಲು. ಹೋಗುವುದಕ್ಕೆ ಜಾಗವಿಲ್ಲದಿದ್ದರೆ ಕುಡಿಯದೇ ಇರುವುದೇ ಉಪಾಯ. ಆಮೇಲೆ ಉರಿಮೂತ್ರ, ಜ್ವರ, ಕೂಲಿ ಖೋತಾ. ಮದುವೆಯಾದ ಹೊಸದರಲ್ಲಿ ಹಳ್ಳಿ ಮನೆಯಲ್ಲಿ ಕತ್ತಲಾಗುವವರೆಗೂ ಕಾಯುತ್ತಿದ್ದದ್ದನ್ನು ಅಮ್ಮ ಯಾವತ್ತೋ ಹೇಳಿದ್ದಳು. ಆ ಮಧ್ಯಾಹ್ನ ಅವಳೇ ಮೇಲೆ ಹೋಗಿ, ಗಂಡಸರ ಮುಂದೆ ಏನೂ ಹೇಳದೆ, "ಬಾಮ್ಮ ಸ್ವಲ್ಪ, ಕೆಳಗೆ ಕೆಲಸ ಇದೆ" ಅಂತ ಕರೆದುಕೊಂಡು ಬಂದಳು. ಬಾಗಿಲ ಹೊರಗೆ ತಾನೇ ನಿಂತುಕೊಂಡಳು.

ಇಷ್ಟಕ್ಕೇ ನಮ್ಮಮ್ಮ ಬದಲಾಗಿಬಿಟ್ಟಳು ಅಂತ ಬರೆದರೆ ಸುಳ್ಳಾಗುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಫಿನಾಯಿಲ್ ಸುರಿದು ಬಚ್ಚಲು ಉಜ್ಜಿದಳು. ನಾನು ಸುಮ್ಮನಿದ್ದೆ. ಅವರು ಗೇಟು ದಾಟಿದ ಮೇಲೇ ತೊಳೆಯಬೇಕು ಅನ್ನುವ ಒಂದು ಕರಾರು ಮಾತ್ರ ಹಾಕಿದ್ದೆ, ಅದಕ್ಕೆ ಒಪ್ಪಿದ್ದಳು. ಲೋಟದ ವಿಷಯದಲ್ಲಿ ನಾನು ಒಪ್ಪಲಿಲ್ಲ. ಕೆಲಸದವರಿಗೆ ಅಂತ ಹಿತ್ತಲ ಕಿಟಕಿಯಲ್ಲಿ ಲೋಟ ಬೇರೆ ಇಡುವ ಪದ್ಧತಿ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಅದು ಸ್ವಚ್ಛತೆಯ ಹೆಸರಿನಲ್ಲಿ ಉಳಿದುಕೊಂಡಿರುವ ಜಾತಿ, ಬೇರೇನೂ ಅಲ್ಲ. ಪೇಪರ್ ಕಪ್ ತಂದರೆ ಯಾರಿಗೂ ಬೇಜಾರಾಗೋಲ್ಲ ಅಂತ ಒಬ್ಬ ಸಂಬಂಧಿಕರು ಸಲಹೆ ಕೊಟ್ಟರು. ಬೇಜಾರಾಗದಂತೆ ದೂರ ಇಡುವ ಆ ಜಾಣತನ ನನಗೆ ಇನ್ನೂ ಕೆಟ್ಟದು ಅನ್ನಿಸಿತು. ನಾವು ಕುಡಿಯುವ ಸ್ಟೀಲ್ ಲೋಟಗಳಲ್ಲೇ ಟೀ ಹೋಯಿತು, ಅದೇ ಸಿಂಕಿನಲ್ಲಿ ತೊಳೆದದ್ದೂ ಆಯಿತು.

ಊಟ ಅವರವರ ಡಬ್ಬಿ. ತಾರಸಿ ಮೆಟ್ಟಿಲ ಹತ್ತಿರದ ಸಣ್ಣ ರೂಮಿನಲ್ಲಿ ಫ್ಯಾನ್ ಹಾಕಿ ಚಾಪೆ ಹಾಸಿಟ್ಟಿದ್ದೆ. ಉಂಡ ಮೇಲೆ ಅರ್ಧ ಗಂಟೆ ಮಲಗುತ್ತಿದ್ದರು. ಅದೇ ಹೊತ್ತಿಗೆ ಬಂದ ನಮ್ಮ ನೆಂಟರೊಬ್ಬರು "ಏನ್ರೀ, ದಿನಗೂಲಿ ಕೊಟ್ಟು ನಿದ್ದೆ ಮಾಡಿಸ್ತಿದೀರಾ?" ಅಂದರು. ಅವರು ಸರ್ಕಾರಿ ಕಚೇರಿಯಲ್ಲಿ ಇದ್ದವರು. ಅಲ್ಲಿನ ಮಧ್ಯಾಹ್ನಗಳನ್ನು ನೆನಪಿಸಬೇಕು ಅನ್ನಿಸಿದರೂ ನುಂಗಿಕೊಂಡೆ.

ಇದೇ ನೆಂಟರು ಕೆಲಸ ನಡೆಯುವಾಗ ಮೇಲೆ ಹೋಗಿ ನಿಂತರು. ಮೇಸ್ತ್ರಿ ಆಗಷ್ಟೇ ಗಾರೆ ಕಲಸಿಸಿ ಗೋಡೆಗೆ ಹೊಡೆಯಲು ಶುರುಮಾಡಿದ್ದರು. ಮರಳು ಎಷ್ಟು, ಸಿಮೆಂಟ್ ಎಷ್ಟು, ಈ ಕಂಪನಿ ಯಾಕೆ, ನಮ್ಮ ಮನೇಲಿ ಹೀಗಿರಲಿಲ್ಲ, ಹೀಗೆ ಪ್ರಶ್ನೆಗಳ ಸಾಲು. ಮೇಸ್ತ್ರಿ ಕರಣೆ ಕೆಳಗಿಟ್ಟು ಒಂದೊಂದಕ್ಕೂ ಉತ್ತರ ಕೊಡುತ್ತಾ ನಿಂತರು, ವಯಸ್ಸಾದವರು ಅಂತ. ನೀರು ಬಿದ್ದ ಸಿಮೆಂಟು ಯಾರ ವಯಸ್ಸನ್ನೂ ನೋಡುವುದಿಲ್ಲ. ಅರ್ಧ ಮುಕ್ಕಾಲು ಗಂಟೆಯಲ್ಲಿ ಬಿಗಿಯಲು ಶುರುವಾಗುತ್ತದೆ. ಬಿಗಿದ ಗಾರೆಗೆ ಮತ್ತೆ ನೀರು ಚಿಮುಕಿಸಿ ಬಳಸಿದರೆ ಅದಕ್ಕೆ ಹಿಡಿತ ಇರುವುದಿಲ್ಲ. ನೆಂಟರನ್ನು ಕಾಫಿಗೆ ಅಂತ ಕೆಳಗೆ ಕರೆತಂದೆ. ಆಮೇಲೆ ನಾನೂ ಮೇಸ್ತ್ರಿಯೂ ಮಾತಾಡುವುದಕ್ಕೆ ಎರಡು ಹೊತ್ತು ಗೊತ್ತುಮಾಡಿಕೊಂಡೆವು: ಬೆಳಿಗ್ಗೆ ಕಲಸುವ ಮೊದಲು, ಸಂಜೆ ಸಾಮಾನು ತೊಳೆಯುವಾಗ. ಈ ನಡುವೆ ನನಗೆ ಏನೇ ತೋಚಿದರೂ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಸಂಜೆಯ ಹೊತ್ತಿಗೆ ಅದರಲ್ಲಿ ಅರ್ಧ ಕೇಳುವ ಅಗತ್ಯವೇ ಇರುತ್ತಿರಲಿಲ್ಲ.

ಪ್ಲಂಬರ್ ಕೆಲಸ ಮಾಡಿದ್ದು ನನಗೆ ನೋಡುವುದಕ್ಕೆ ಬಹಳ ಇಷ್ಟವಾಯಿತು. ಟೈಲ್ಸ್ ಡಬ್ಬದ ರಟ್ಟು ಹರಿದು, ಪೆನ್ಸಿಲಿನಲ್ಲಿ ಸಾಮಾನಿನ ಪಟ್ಟಿ ಬರೆದುಕೊಟ್ಟರು: ಮುಕ್ಕಾಲು ಇಂಚು ಸಿ.ಪಿ.ವಿ.ಸಿ. (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು, ತಿರುವಿಗೆ ಬ್ರಾಸ್ ಎಲ್ಬೋ, ಎಂ.ಟಿ.ಎ. ಅನ್ನುವ ಮರೆಯಿರುವ ಜೋಡಣೆ ತುಂಡು, ಬಾಲ್ ವಾಲ್ವು, ಪೈಪು ಅಂಟಿಸುವ ಸಾಲ್ವೆಂಟು. ಪ್ರತಿಯೊಂದಕ್ಕೂ ಒಂದೆರಡು ಹೆಚ್ಚಿಗೆ. ಅಂಗಡಿಯವನು "ಇಷ್ಟೆಲ್ಲ ಯಾಕೆ ಸಾರ್, ಕಮಿಷನ್ ಆಟ ಇರಬಹುದು" ಅಂತ ಕಣ್ಣು ಮಿಟುಕಿಸಿದ. ಪಟ್ಟಿಯಲ್ಲಿದ್ದಷ್ಟನ್ನೂ ತಂದೆ, ಉಳಿದರೆ ವಾಪಸ್ ತೆಗೆದುಕೊಳ್ಳಬೇಕು ಅಂತ ಬಿಲ್ಲಿನ ಮೇಲೇ ಬರೆಸಿಕೊಂಡೆ. ಒಂದು ಎಲ್ಬೋ ಕಮ್ಮಿಯಾದರೆ ಪ್ಲಂಬರ್ ಸ್ಕೂಟರ್ ಹತ್ತಬೇಕು, ಜೊತೆಯ ಹುಡುಗ ಸುಮ್ಮನೆ ಕೂರಬೇಕು, ಗುತ್ತಿಗೆ ಕೆಲಸವಾದ್ದರಿಂದ ಆ ಹೊತ್ತಿನ ಕೂಲಿ ಅವರ ಜೇಬಿನಿಂದಲೇ ಹೋಗುತ್ತದೆ. ಜಾಯಿಂಟ್ ಹಾಕುವಾಗ ಅವರ ಕೈ ನೋಡಬೇಕು. ಪೈಪಿನ ಅಂಚಿನ ಸಿಬಿರು ಕೆರೆದು, ಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ, ಮನಸ್ಸಿನಲ್ಲೇ ಎಣಿಸುವವರಂತೆ ಕೊಂಚ ಹೊತ್ತು ಒತ್ತಿ ಹಿಡಿಯುತ್ತಿದ್ದರು. ಬಿಟ್ಟರೆ ಪೈಪು ತಾನಾಗೇ ಹಿಂದಕ್ಕೆ ಜಾರುತ್ತದಂತೆ. ಸಂಜೆ ಹೋಗುವಾಗ "ನಾಳೆ ನಾನು ಬರೋವರೆಗೂ ವಾಲ್ವ್ ಮುಟ್ಟಬೇಡಿ, ಅಂಟು ಒಣಗಬೇಕು" ಅಂದರು. ಯಾರಾದರೂ ಮರೆತು ತಿರುಗಿಸಿಯಾರು ಅಂತ ವಾಲ್ವಿಗೆ ದಾರ ಸುತ್ತಿ ಗಂಟು ಹಾಕಿದೆ. ಎಲೆಕ್ಟ್ರಿಷಿಯನ್ ಗೀಸರ್ ಲೈನ್ ಎಳೆಯುವಾಗಲೂ ಇಷ್ಟೇ. ಕರೆಂಟ್ ಆಫ್ ಮಾಡುವ ಸ್ವಿಚ್‌ಗಳಿರುವ ಎಂ.ಸಿ.ಬಿ. ಡಬ್ಬಿಗೆ "ಆನ್ ಮಾಡಬೇಡಿ, ಒಳಗೆ ಜನ ಇದ್ದಾರೆ" ಅಂತ ಚೀಟಿ ಅಂಟಿಸಿ, ಮನೆಯವರಿಗೆಲ್ಲ ಬಾಯಲ್ಲೂ ಹೇಳಿದ್ದಾಯ್ತು. ಸೀರಿಯಲ್ ಹೊತ್ತಿಗೆ ಕರೆಂಟಿಲ್ಲ ಅಂತ ಯಾರೋ ಒಂದು ಸ್ವಿಚ್ ಮೇಲೆತ್ತಿದರೆ ಗೋಡೆಯೊಳಗೆ ಕೈಯಿಟ್ಟವನ ಗತಿ ಏನು?

ಕರೆಂಟಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಬ್ರೇಕರ್, ಕಟಿಂಗ್ ಮಷೀನ್ ಎಲ್ಲದರ ವೈರೂ ತುದಿಯಲ್ಲಿ ಬರೀ ತಂತಿ. ಪ್ಲಗ್ ಇಲ್ಲ. ಸಾಕೆಟ್ಟಿನ ತೂತಿಗೆ ತಂತಿ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು. ಒದ್ದೆ ನೆಲದಲ್ಲಿ, ಬರಿಗಾಲಿನಲ್ಲಿ. ಬೈದರೆ ನಕ್ಕುಬಿಡುತ್ತಾರೆ, ರೂಢಿ. ಅಂಗಡಿಗೆ ಹೋಗಿ ಒಂದಷ್ಟು ಪ್ಲಗ್ ಟಾಪ್ ತಂದು ಎಲೆಕ್ಟ್ರಿಷಿಯನ್ ಕೈಲೇ ಎಲ್ಲ ಮಷೀನಿಗೂ ಹಾಕಿಸಿದೆ, ಹೋಗುವಾಗ ತೆಗೆದುಕೊಂಡು ಹೋಗಿ ಅಂದೆ. ಒಂದು ಕಿಲೋ ಟೊಮೆಟೊಗೆ ಕೊಡುವ ದುಡ್ಡಿನ ಆಸುಪಾಸು ಖರ್ಚು.

ವಾಟರ್‌ಪ್ರೂಫಿಂಗ್ ಎರಡು ಕೋಟು. ಮೊದಲನೆಯದು ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಮೂಲೆಗಳಿಗೆ ಮೊದಲೇ ಗಾರೆಯಲ್ಲಿ ಗೋಲ ಕಟ್ಟಿದ್ದರು, ಚೂಪು ಮೂಲೆಯಲ್ಲಿ ಬಿರುಕು ಬೇಗ ಬರುತ್ತದೆ ಅಂತ. ಆಮೇಲೆ ಟ್ರ್ಯಾಪಿಗೆ ಬಟ್ಟೆ ತುರುಕಿ, ನೀರು ತುಂಬಿಸಿ, ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದು, "ನಲವತ್ತೆಂಟು ಗಂಟೆ ಬಿಡಬೇಕು ಸಾರ್, ನಾವು ಬೇರೆ ಸೈಟಿಗೆ ಹೋಗ್ತೀವಿ" ಅಂದರು. ಇಲ್ಲೇ ಬಹಳ ಮನೆಗಳಲ್ಲಿ ಜಗಳ ಶುರುವಾಗುವುದು. ಅರ್ಧಕ್ಕೆ ಬಿಟ್ಟು ಓಡಿಹೋದರು, ಫೋನ್ ಎತ್ತಲಿಲ್ಲ ಅಂತ ದೂರು. ನಾಳೆಯೇ ಟೈಲ್ಸ್ ಹಾಕಿ ಅಂತ ಒತ್ತಾಯ ಮಾಡಿದರೆ ಅವರು ಹಾಕಿಯೂ ಬಿಡುತ್ತಾರೆ. ಸೋರಿದಾಗ ಮತ್ತೆ ಅವರನ್ನೇ ಕಳ್ಳರು ಅನ್ನುತ್ತೇವೆ. ಕಾಯುವ ಕೆಲಸಕ್ಕೆ ಕಾಯುವಷ್ಟು ದಿನ ಕೊಟ್ಟೆ. ಗೆರೆ ಸರಿಯಲಿಲ್ಲ, ಕೆಳಗಿನ ಸೀಲಿಂಗಿನಲ್ಲಿ ಹೊಸ ತೇವ ಇರಲಿಲ್ಲ. ಹೇಳಿದ ದಿನವೇ ಬಂದರು.

ಟೈಲ್ಸ್ ಹಾಕಲು ಬಂದವರು ರಾಜಸ್ಥಾನದ ಕಡೆಯವರು. ನನ್ನ ಹಿಂದಿ, ಅವರ ಕನ್ನಡ, ಎರಡೂ ಒಂದೇ ಮಟ್ಟದ್ದು, ಕೆಲಸ ನಡೆಯಿತು. ಕಷ್ಟ ಬಂದದ್ದು ಧೂಳಿನದು. ವಿಟ್ರಿಫೈಡ್ ಟೈಲ್ಸನ್ನು ಒಣದಾಗಿ ಕೊಯ್ದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಸಿಲಿಕೋಸಿಸ್ ಅನ್ನುವ ಆ ರೋಗಕ್ಕೆ ಮದ್ದಿಲ್ಲ. ನೀರು ಹಾಕಿಕೊಂಡು ಕೊಯ್ಯಿರಿ ಅಂದೆ. ಅವರು ಕೈಯಲ್ಲಿದ್ದ ಗ್ರೈಂಡರ್ ತೋರಿಸಿದರು. ಅದು ನೀರಿಗಾಗಿ ಮಾಡಿದ ಮಷೀನಲ್ಲ, ಶಾಕ್ ಹೊಡೆಯುತ್ತದೆ. ಸರಿಯಾದ ಮಾತು. ಕೊನೆಗೆ ಮೇಸ್ತ್ರಿಯೇ ದಾರಿ ಹುಡುಕಿದರು. ನೇರ ಕೊಯ್ತಕ್ಕೆಲ್ಲ ಗೀರಿ ಮುರಿಯುವ ಕೈ ಕಟರ್ ಬಾಡಿಗೆಗೆ ತಂದರು, ಅದರಲ್ಲಿ ಸದ್ದೂ ಇಲ್ಲ, ಧೂಳೂ ಇಲ್ಲ. ನಲ್ಲಿಯ ತೂತು, ಮೂಲೆಯ ಕಚ್ಚು, ಇಷ್ಟಕ್ಕೆ ಮಾತ್ರ ಗ್ರೈಂಡರ್, ಅದೂ ತಾರಸಿಯ ಮೇಲೆ ಗಾಳಿಗೆ ಬೆನ್ನು ಕೊಟ್ಟು. ಬಾಡಿಗೆ ನಾನು ಕೊಟ್ಟೆ. ಎನ್95 ಮಾಸ್ಕ್ ಡಬ್ಬಿಯನ್ನೂ ಇಟ್ಟಿದ್ದೆ. ಮೊದಲ ಗಂಟೆ ಮೂಗಿನ ಮೇಲೆ, ಆಮೇಲೆ ಕುತ್ತಿಗೆಗೆ. ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿಕೊಂಡು ನಾನು ಹತ್ತು ನಿಮಿಷ ತಡೆಯಲಾರೆ, ಪಾಠ ಹೇಳುವ ಬಾಯಿ ನನಗಿರಲಿಲ್ಲ. ಕೊಯ್ಯುವಾಗಲಾದರೂ ಮೇಲೆತ್ತಿಕೊಳ್ಳುತ್ತಿದ್ದರು.

ಇಂಥ ಸಣ್ಣ ಕೆಲಸಗಳಲ್ಲಿ ಕಾನೂನು ಮನೆಯೊಳಗೆ ಬರುವುದೇ ಕಮ್ಮಿ. ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಮಾಡಿದ ಕಾಯ್ದೆ, ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಹೊರಗಿಟ್ಟಿತ್ತು. ಬಚ್ಚಲು ರಿಪೇರಿಯಲ್ಲಿ ಹೆಲ್ಮೆಟ್ಟು, ಮಾಸ್ಕು, ಕುಡಿಯುವ ನೀರು, ಶೌಚಾಲಯ, ಎಲ್ಲವೂ ಮನೆಯವರ ಮರ್ಜಿಗೆ ಬಿಟ್ಟಿದ್ದು.

ನೆಲ ಮುಗಿದ ಮೇಲೆ ಒಂದು ದೋಷ ಕಂಡಿತು. ಬಕೆಟ್ ನೀರು ಸುರಿದರೆ ಬಾಗಿಲ ಪಕ್ಕದ ಮೂಲೆಯಲ್ಲಿ ಅಂಗೈಯಗಲ ನಿಂತುಬಿಡುತ್ತಿತ್ತು. ವಾಟ ಸರಿ ಬಿದ್ದಿಲ್ಲ. ಇಷ್ಟು ದಿನ ಚೆನ್ನಾಗಿದ್ದವರಿಗೆ ಹೇಗೆ ಹೇಳುವುದು ಅಂತ ಮುಜುಗರ ಪಟ್ಟುಕೊಂಡು ಸುಮ್ಮನಾಗುವವರಿದ್ದಾರೆ, ಆಮೇಲೆ ಜೀವನಪೂರ್ತಿ ಒರೆಸುತ್ತಾ ಬೈಯುತ್ತಾರೆ. ಮೇಸ್ತ್ರಿಯೊಬ್ಬರನ್ನೇ ಮೇಲೆ ಕರೆದು, ಏನೂ ಹೇಳದೆ ಒಂದು ಮಗ್ ನೀರು ಚೆಲ್ಲಿದೆ. ಇಬ್ಬರೂ ನೋಡುತ್ತಾ ನಿಂತೆವು. ಅವರು ರಸಮಟ್ಟ ತಂದು ಇಟ್ಟು, ಗುಳ್ಳೆ ಎತ್ತ ಸರಿಯಿತು ಅಂತ ನೋಡಿ, "ಇದು ನಮ್ದೇ ತಪ್ಪು. ನಾಲ್ಕು ಟೈಲ್ಸ್ ಎಬ್ಬಿಸ್ತೀನಿ" ಅಂದರು. ಹುಡುಗರ ಮುಂದೆ ಕೂಗಾಡಿದ್ದರೆ ಟೈಲ್ಸ್ ಸಂದಿಗೆ ಹಾಕುವ ಗ್ರೌಟ್ ತುಂಬಿ ಸರಿಮಾಡ್ತೀನಿ ಅನ್ನುವ ವಾದವೇ ಬರುತ್ತಿತ್ತು. ಎಬ್ಬಿಸುವಾಗ ಕೆಳಗಿನ ಕೋಟಿಂಗಿಗೆ ಏಟು ಬೀಳದಂತೆ ಸಣ್ಣ ಉಳಿಯಲ್ಲಿ, ಮಗುವಿಗೆ ಮುಳ್ಳು ತೆಗೆಯುವಷ್ಟು ನಿಧಾನಕ್ಕೆ ಬಿಡಿಸಿದರು. ಆ ಕೆಲಸಕ್ಕೆ ಹೆಚ್ಚಿನ ದುಡ್ಡು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಆದರೆ ನಡುವೆ ನಾವು ಮನಸ್ಸು ಬದಲಾಯಿಸಿ ಗೋಡೆಯಲ್ಲಿ ಗೂಡು ಮಾಡಿಸಿದ್ದಕ್ಕೆ, ಕಿಟಕಿ ಚೌಕಟ್ಟಿಗೆ ಗ್ರಾನೈಟ್ ಹಾಕಿಸಿದ್ದಕ್ಕೆ ಎಕ್ಸ್‌ಟ್ರಾ ಎಷ್ಟು ಅಂತ ಆ ದಿನವೇ ಕೇಳಿ ಬರೆದಿಟ್ಟಿದ್ದೆ. "ಕೊನೇಲಿ ನೋಡ್ಕೊಳ್ಳೋಣ ಬಿಡಿ" ಅನ್ನುವ ಮಾತಿನಷ್ಟು ಸ್ನೇಹ ಕೆಡಿಸುವ ಮಾತು ಈ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಶನಿವಾರ ಬಟವಾಡೆ. ಮೇಸ್ತ್ರಿಗೆ ದುಡ್ಡು ನನ್ನಿಂದ ಹೋದರೆ ಮಾತ್ರ ಅವರ ಕೈಕೆಳಗಿನವರಿಗೆ ಸಿಗುತ್ತದೆ. ಸಂಜೆ ಐದಕ್ಕೆಲ್ಲ ಬಿಡಿ ನೋಟುಗಳಾಗಿ ತೆಗೆದಿಟ್ಟಿರುತ್ತಿದ್ದೆ. ಯು.ಪಿ.ಐ. ಮಾಡುತ್ತೇನೆ ಅಂದರೆ ಮೇಸ್ತ್ರಿ ಎ.ಟಿ.ಎಂ. ಹುಡುಕಿಕೊಂಡು ಹೋಗಬೇಕು, ಅಷ್ಟರಲ್ಲಿ ನಂಜನಗೂಡು ಕಡೆ ಹೋಗುವವರ ಬಸ್ಸು ಹೋಗಿರುತ್ತದೆ. 2023ರ ಶಕ್ತಿ ಯೋಜನೆಯಿಂದ ಆ ಹೆಣ್ಣಾಳಿಗೆ ಟಿಕೆಟ್ ದುಡ್ಡು ಉಳಿಯುತ್ತಿತ್ತು, ಆದರೆ ಬಸ್ಸು ಯಾರಿಗೂ ಕಾಯುವುದಿಲ್ಲ. ಊರು ಮುಟ್ಟಿ, ಸಂತೆ ಮುಗಿಸಿ, ಅಡುಗೆ ಆಗಬೇಕು.

ಕೊನೆಯ ವಾರ ಆಕೆ ಒಂದು ಕಾಗದ ಹಿಡಿದುಕೊಂಡು ಬಂದಳು. ಲೇಬರ್ ಕಾರ್ಡಿಗೆ ಅರ್ಜಿ. ಆ ಕಾರ್ಡ್ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಬೀದಿಯಿಂದ ಬೀದಿಗೆ ತಿರುಗುವವರಿಗೆ ಅದನ್ನು ಬರೆದುಕೊಡುವವರು ಯಾರು? ಮನೆಯವರು ಸಹಿ ಅಂದರೆ ಹಿಂಜರಿಯುತ್ತಾರೆ, ನಾಳೆ ಏನಾದರೂ ತಲೆಮೇಲೆ ಬಂದರೆ ಅಂತ. ನಮ್ಮಲ್ಲಿ ಆಕೆ ಕೆಲಸ ಮಾಡಿದ ದಿನಗಳಷ್ಟನ್ನು ತಾರೀಖು ಹಾಕಿ, ವಿಳಾಸ ಬರೆದು, ಸಹಿ ಮಾಡಿದೆ. ಉಳಿದ ದಿನಗಳಿಗೆ ಹಿಂದಿನ ಮನೆಗಳವರನ್ನು ಕೇಳಿ ಅಂದಾಗ "ಅವರು ಈಗ ಗುರುತು ಹಿಡೀಬೇಕಲ್ಲ ಸಾರ್" ಅಂದಳು. ಮೇಸ್ತ್ರಿ ತಮ್ಮ ಹಳೇ ಲೆಕ್ಕದ ಪುಸ್ತಕ ತಂದು ಒಂದೊಂದೇ ಸೈಟಿನ ಹೆಸರು ತೆಗೆದರು, ಎರಡು ಮನೆಗಳಿಗೆ ನನ್ನ ಫೋನಿನಿಂದಲೇ ಮಾತಾಡಿದೆವು. ಒಬ್ಬರು ಒಪ್ಪಿದರು.

ಬಾಕಿ ದುಡ್ಡು ಗ್ರೌಟ್ ಒಣಗಿ, ನೀರು ಬಿಟ್ಟು ನೋಡಿದ ದಿನವೇ ಮುಟ್ಟಿಸಿದೆ. ಈಗ ಅಮ್ಮನಿಗೆ ಕೆಳಗಿನ ಬಚ್ಚಲೂ ಹೊಸದಾಗಬೇಕು. ಮೇಸ್ತ್ರಿಗೆ ಫೋನ್ ಮಾಡಿದರೆ ದಸರಾ ಮುಗಿಯುವವರೆಗೂ ಕೈ ಬಿಡುವಿಲ್ಲವಂತೆ. "ಅಷ್ಟರೊಳಗೆ ಅಮ್ಮನ ಹತ್ರ ಟೈಲ್ಸ್ ಬಣ್ಣ ಒಪ್ಪಿಸಿ ಇಟ್ಕೊಳ್ಳಿ ಸಾರ್, ಹೋದ ಸಲ ಅದಕ್ಕೇ ಒಂದು ವಾರ ಹೋಯ್ತು" ಅಂದರು. ಅಮ್ಮ ಇನ್ನೂ ಕೆನೆ ಬಣ್ಣವೋ ಬೂದುಬಣ್ಣವೋ ಅನ್ನುತ್ತಿದ್ದಾಳೆ.